ರಾಮಾಂಜಿನಪ್ಪನ ಸರ್ಟಿಫಿಕೇಟು

ಎಸ್ಸೆಸ್ಸೆಲ್ಸಿ ಕೈಕೊಟ್ಟಾಗಿನಿಂದ ಸಾದಲಿಯ ರಾಮಾಂಜಿನಪ್ಪನಿಗೆ ಒಂದೇ ಆಸೆ. ತನ್ನ ಹೆಸರಿರೋ ಒಂದು ಸರ್ಟಿಫಿಕೇಟು ಗೋಡೆ ಮೇಲೆ ತೂಗಬೇಕು. ರೇಷ್ಮೆಹುಳದ ರೋಗಗಳ ಬಗ್ಗೆ ಕನ್ನಡದಲ್ಲೇ ಪುಕ್ಕಟೆ ಆನ್‌ಲೈನ್ ಕೋರ್ಸು ಇದೆ ಅಂತ ಗೊತ್ತಾಗಿದ್ದೇ ತಡ, ಮೊದಲು ಗೋಡೆಗೆ ಮೊಳೆ ಹೊಡೆದ, ಆಮೇಲೆ ಸೇರಿಕೊಂಡ.

ಎಂಥಾ ಕೋರ್ಸು ಅಂತೀರಿ! ಫೀಸಿಲ್ಲ, ಬೈಗುಳವಿಲ್ಲ. ಅರ್ಥವಾಗದಿದ್ದರೆ ಫೋನಿನಲ್ಲಿ ಪಾಠ ಹೇಳೋ ಮೇಡಂ ಅದನ್ನೇ ಎಷ್ಟು ಸಲ ಬೇಕಾದರೂ ಹೇಳುತ್ತಾರೆ. ಇಂಥಾ ಮೇಡಂ ಅವತ್ತೇ ಸಿಕ್ಕಿದ್ದರೆ ರಾಮಾಂಜಿನಪ್ಪ ಫೇಲಾಗುತ್ತಿದ್ದನೇ? ತೊಂದರೆ ಅಂದರೆ, ನೆಟ್‌ವರ್ಕು ಸಿಗುತ್ತಿದ್ದುದು ಹುಳು ಸಾಕುವ ಮನೆಯಲ್ಲಿ ಮಾತ್ರ. ಫೋನು ಜೋರಾಗಿ ಪಾಠ ಹೇಳುತ್ತಿತ್ತು, ಹೆಂಡತಿ ಅಕ್ಕಯ್ಯಮ್ಮ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು, ಈತ ತೂಕಡಿಸುತ್ತಿದ್ದ.

ಪರೀಕ್ಷೆ ದಿನವೇ ಹುಳ ಹಣ್ಣಾದವು. ಹಣ್ಣಾದ ಹುಳ ಯಾರಿಗೂ ಕಾಯೋದಿಲ್ಲ, ಆರಿಸಿ ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡಲೇಬೇಕು. ಕೈಜೋಡಿಸಲು ಅಕ್ಕಪಕ್ಕದವರೆಲ್ಲ ಬಂದರು. ರಾಮಾಂಜಿನಪ್ಪ ಮೂಲೆಯಲ್ಲಿ ಫೋನಿಟ್ಟುಕೊಂಡು ಕೂತ. ಸೇರುವಾಗ ಕೊಟ್ಟ ಫೋಟೋಗೆ ಮುಖ ಹೊಂದಿದರೆ ಮಾತ್ರ ಪರೀಕ್ಷೆ.

"ಮುಖ ಹೊಂದುತ್ತಿಲ್ಲ," ಅಂದಿತು ಫೋನು.

"ತಲೇಗೆ ಸುತ್ತಿರೋ ಟವಲ್ ತೆಗಿಯಪ್ಪ," ಅಂದ ಪಕ್ಕದ ಮನೆ ವೆಂಕಟರವಣಪ್ಪ. ತೆಗೆದ. ಹೊಂದಲಿಲ್ಲ.

"ಸೇರ್ವಾಗ ಯಾವ ಫೋಟೋ ಕೊಟ್ಟಿದ್ದೆ?"

"ಪೆರೇಸಂದ್ರದ ಮದುವೇಲಿ ತೆಗೆದಿದ್ದು. ನಾನು, ಇವ್ಳು ಇಬ್ರೂ ಇದೀವಿ."

"ಆವಾಗ ಮೀಸೆ ಇತ್ತೇನೋ?"

"ತಿರುಪತೀಲಿ ಮುಡಿ ಕೊಟ್ಟು ಬಂದಿದ್ದೆ. ಮೀಸೇನೂ ಇಲ್ಲ, ಕೂದ್ಲೂ ಇಲ್ಲ."

"ಮತ್ತೆ! ಮೊದ್ಲು ಮೀಸೆ ತೆಗಿ, ತಲೆ ಆಮೇಲೆ ನೋಡಣ."

ಆವಾಗಿನಿಂದ ಎಣ್ಣೆ ಹಚ್ಚಿ ಸಾಕಿದ ಮೀಸೆ ಹೋಯಿತು. ಆದರೂ ಮುಖ ಹೊಂದಲಿಲ್ಲ. ಪರೀಕ್ಷೆಗೆ ಸೇರುವ ಹೊತ್ತೂ ಮುಗಿಯುತ್ತಾ ಬಂದಿತ್ತು. ಪಾಪ, ಅವನ ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಅಕ್ಕಯ್ಯಮ್ಮ ಮೂಲೆಗೆ ನುಗ್ಗಿದಳು. "ಹುಳ ನೆಲದ್ಮೇಲೆ ಗೂಡು ಕಟ್ತಾ ಅವೆ, ನಿಮ್ದೇನ್ರೀ ಇಲ್ಲಿ ಶೋಕಿ?" ಅಂತ ಫೋನು ಕಿತ್ತುಕೊಂಡಳು.

"ಮುಖ ಹೊಂದಿದೆ. ಸ್ವಾಗತ. ಪರೀಕ್ಷೆ ಆರಂಭಿಸಿ."

ಜೋಡಿ ಫೋಟೋದಲ್ಲಿ ಫೋನು ಅಕ್ಕಯ್ಯಮ್ಮನ ಮುಖವನ್ನೇ ಆರಿಸಿಕೊಂಡಿತ್ತು!

"ಬೇರೆಯವರು ಕಾಣಿಸಬಾರದು," ಅಂತ ಫೋನು ಗದರಿತು. ರಾಮಾಂಜಿನಪ್ಪ ಎದ್ದು ಹೋಗಿ ಹೆಂಗಸರ ಜೊತೆ ಹುಳ ಆರಿಸಲು ಕೂತ. ಹೋಯ್ತಲ್ಲಪ್ಪ ನನ್ನ ಸರ್ಟಿಫಿಕೇಟು ಅಂತ ಗೊಣಗುತ್ತಿದ್ದ. ಮೂಲೆಯಲ್ಲಿ ಅಕ್ಕಯ್ಯಮ್ಮ, ಸೊಪ್ಪು ಹಾಕುತ್ತಾ ಕೇಳಿಸಿಕೊಂಡಿದ್ದ ಸುಣ್ಣಕಟ್ಟು, ಸಪ್ಪೆರೋಗ, ಹುಳದ ಒಂದು ಕಾಯಿಲೆಯನ್ನೂ ಬಿಡದೆ ಉತ್ತರ ಒತ್ತುತ್ತಿದ್ದಳು. ಫಸ್ಟ್ ಕ್ಲಾಸು!

ಶಿಡ್ಲಘಟ್ಟದಲ್ಲಿ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ, ಅದೇ ಮೊಳೆಗೆ ತೂಗುಹಾಕಿದರು. ಸರ್ಟಿಫಿಕೇಟಿನಲ್ಲಿ ಹೆಸರು ರಾಮಾಂಜಿನಪ್ಪನದೇ. ಫೋಟೋ ಮಾತ್ರ ಅಕ್ಕಯ್ಯಮ್ಮನದು.

ಈಗ ಯಾರ ಮನೆಯ ಹುಳ ಸಪ್ಪಗಾದರೂ ಅಕ್ಕಯ್ಯಮ್ಮನನ್ನು ಕೇಳಲು ಬರುತ್ತಾರೆ. ಮೊನ್ನೆ ಪಕ್ಕದೂರಿನ ಚಿಕ್ಕವೆಂಕಟಮ್ಮ ಬಂದವಳು ಗೋಡೆ ನೋಡಿ, "ಫೋಟೋ ನಿಂದು, ಕೆಳಗಿರೋ ಹೆಸರು ಯಾರದಮ್ಮ?" ಅಂದಳು.

ಅಕ್ಕಯ್ಯಮ್ಮ ನಾಚಿ ಬಾಯಿಗೆ ಸೆರಗು ಹಿಡಿದಳು. "ಅಯ್ಯೋ, ಯಜಮಾನ್ರ ಹೆಸ್ರು ನಾನೆಂಗಮ್ಮ ಹೇಳ್ಲಿ? ಅಗೋ, ಅಲ್ಲಿ ಸೊಪ್ಪು ಹಾಕ್ತಾ ಅವ್ರಲ್ಲ, ಮೀಸೆ ಇಲ್ದೋರು, ಅವ್ರದು."