ನಡುವಿನ ಸೀಟು

ಕೆಲಸ ಮಾಡಿ ದಣಿದವನಿಗೆ ನಿದ್ದೆಯಾದರೂ ಬರುತ್ತದೆ. ಮಾತು ಹೊತ್ತು ದಣಿದವನಿಗೆ ಅದೂ ಬರುವುದಿಲ್ಲ. ನಾನು ಎರಡೂ ಬಗೆಯಲ್ಲಿ ದಣಿದವನು. ಹಗಲೆಲ್ಲ ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಸೂಪರ್‌ವೈಸರ್. ಸಂಜೆಯಾದರೆ ಪಾರ್ವತಿನಗರದ ಮನೆಯಲ್ಲಿ ಅವ್ವನ ಮಾತನ್ನು ಹೆಂಡತಿಗೂ ಹೆಂಡತಿಯ ಮಾತನ್ನು ಅವ್ವನಿಗೂ ಮುಟ್ಟಿಸುವ ಜವಾನ. ಇಬ್ಬರೂ ಇರುವುದು ಒಂದೇ ಅಡುಗೆಮನೆಯಲ್ಲಿ. "ಲೇ ಬಸ್ಯಾ, ಹಾಲು ಉಕ್ಕಾಕ ಹತ್ತ್ಯಾವು ಅಂತ ಹೇಳು ಆಕಿಗೆ" ಎಂದು ಅವ್ವ ಒಲೆಯ ಪಕ್ಕದಲ್ಲೇ ನಿಂತು ಕೂಗುತ್ತಿದ್ದಳು. ನಾನು ಹೊರಗಿನ ಕುರ್ಚಿಯಿಂದ ಎದ್ದು ಹೋಗಿ ಹೇಳುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿರುತ್ತಿತ್ತು. "ಲಗೂನ ಹೇಳಾಕ ಏನಾಗಿತ್ತು ನಿಮಗ?" ಎಂದು ಹೆಂಡತಿ ಶಾರದಾ ನನಗೇ ಬೈಯುತ್ತಿದ್ದಳು.

ಈ ಯುದ್ಧ ಶುರುವಾದದ್ದು ಊಟದ ಹೊತ್ತಿಗೆ. ಅವ್ವ ಕುರುಗೋಡಿನವಳು, ಜೋಳದ ರೊಟ್ಟಿ ಇಲ್ಲದ ಊಟವನ್ನು ಊಟವೆಂದೇ ಒಪ್ಪುವುದಿಲ್ಲ. ಶಾರದಾ ಸಿರಿಗೇರಿಯವಳು; ಕಾಲುವೆ ನೀರು, ಭತ್ತದ ಗದ್ದೆ, ಮೂರು ಹೊತ್ತೂ ಅನ್ನ. ಅನ್ನ ತಿನ್ನುವವರ ರಟ್ಟೆಯಲ್ಲಿ ಕಸುವಿಲ್ಲ ಎಂದು ಅವ್ವ ಅಂದಳು. ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೆ ಓಣಿಯ ಮಂದಿಯೆಲ್ಲ ಎದ್ದು ಕೂರುತ್ತಾರೆ ಎಂದು ಶಾರದಾ ಅಂದಳು. ಆಮೇಲೆ ಇಬ್ಬರೂ ತಿರುಗಿ ನನ್ನನ್ನು ನೋಡಿದರು. ನಾನು ತಟ್ಟೆಯನ್ನೇ ನೋಡುತ್ತ, "ಎರಡೂ ಚಲೋನ ಅದಾವಲ್ಲ" ಅಂದೆ. ಇಂಥ ಜಾಣ ಉತ್ತರಕ್ಕೆ ಒಬ್ಬರಾದರೂ ಮೆಚ್ಚಬೇಕಿತ್ತು. ಇಬ್ಬರೂ ಒಬ್ಬರೊಡನೊಬ್ಬರು ಮಾತು ಬಿಟ್ಟರು. ಕೊನೆಗೆ ಅವ್ವ, ಸೋಮವಾರ ಕುರುಗೋಡಿನ ಅಣ್ಣನ ಮನೆಗೆ ಹೋಗುತ್ತೇನೆ, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಚೀಲ ಕಟ್ಟಿದಳು. ನನಗೆ ನಿಜಕ್ಕೂ ಸಂಕಟವಾಯಿತು. ಅವ್ವನಿಲ್ಲದ ಮನೆ ನನಗೆ ಬೇಡ. ಶಾರದಾ ಮುಖ ಸಪ್ಪಗೆ ಮಾಡಿಕೊಂಡು ಓಡಾಡುವ ಮನೆಯೂ ಬೇಡ.

ನಮ್ಮ ಘಟಕದ ಕಟಿಂಗ್ ಮಾಸ್ಟರ್ ರಫೀಕ್ ಉಪಾಯ ಹೇಳಿದ. "ಇಬ್ಬರ್ನೂ ಕರ್ಕೊಂಡು ಆ ಲಡಾಯಿ ಪಿಚ್ಚರಿಗೆ ಹೋಗ್ರಿ ಸರ. ಎರಡು ವೈರಿ ದೇಶದ ಹುಡುಗ ಹುಡುಗೀನ ಒಂದಾಗ್ತಾರಂತ. ಇವ್ರು ಆಗಂಗಿಲ್ಲೇನು?" ಅವನೂ ಅದನ್ನು ನೋಡಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಹಾಗೆ ನನ್ನ ರವಿವಾರದ ನಿದ್ದೆ ಬಲಿಯಾಯಿತು. ಚಿತ್ರ ತೆಲುಗಿನದು, ಆ ಒಂದು ವಿಷಯದಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ತಕರಾರಿಲ್ಲ. ಆಟೋದಲ್ಲಿ ಎಡಕ್ಕೆ ಅವ್ವ, ಬಲಕ್ಕೆ ಶಾರದಾ, ನಡುವೆ ನಾನು. ಟಾಕೀಸಿನಲ್ಲೂ ಹಾಗೆಯೇ. ಅವ್ವ ಸೆರಗಿನಲ್ಲಿ ಮುಚ್ಚಿಕೊಂಡು ತಂದ ಒಗ್ಗರಣೆ ಮಂಡಕ್ಕಿಯ ಪೊಟ್ಟಣ ನನ್ನ ತೊಡೆಯ ಮೇಲೆ ಕೂತಿತು. ಎರಡೂ ಕಡೆಯಿಂದ ಒಂದೊಂದು ಕೈ ಬಂದು ಹೋಗುತ್ತಿತ್ತು. ಪರದೆಯ ಮೇಲೆ ಈ ದಡದ ಸಿಪಾಯಿಗೂ ಆ ದಡದ ಶಾಲಾ ಟೀಚರಿಗೂ ಪ್ರೀತಿ. ನಡುವೆ ಹೊಳೆ, ಹೊಳೆಗೊಂದು ಸೇತುವೆ. ಹಾಡು ಬಂದಾಗಲೆಲ್ಲ ನಾನು ನಿದ್ದೆ ಮಾಡಿದೆ, ಬಾಂಬು ಬಿದ್ದಾಗಲೆಲ್ಲ ಎದ್ದೆ.

ಕಡೆಗೆ ಗುಂಡಿನ ಸದ್ದು ನಿಂತಿತು. ಹುಡುಗಿ ಸೇತುವೆಯ ಮೇಲೆ ಓಡಿ ಬಂದಳು. ಆಚೆ ದಡದಿಂದ ಅವಳ ಅಪ್ಪ ಕೂಗಿದ, ಈಚೆಯಿಂದ ಹುಡುಗನ ಮೇಲಧಿಕಾರಿ ಕೂಗಿದ. ಹುಡುಗ ಸೇತುವೆಯ ನಟ್ಟನಡುವೆ ನಿಂತು ಒಮ್ಮೆ ಅತ್ತ ನೋಡಿದ, ಒಮ್ಮೆ ಇತ್ತ ನೋಡಿದ. ಬಾಯಿ ಬಿಡಲಿಲ್ಲ. ಗುಂಡು ಮತ್ತೆ ಹಾರಿತು, ಹುಡುಗಿ ಬಿದ್ದಳು. ನನಗೆ ಕಣ್ಣೀರು ಬಂತು. ಪಾಪ, ಅವನಾದರೂ ಏನು ಮಾಡಬೇಕು!

"ಏನ್ ಗಂಡಸೋ ಇವ! ಬಾಯಾಗ ಮಂಡಕ್ಕಿ ತುಂಬ್ಕೊಂಡು ನಿಂತಾನೇನು?" ಎಂದಳು ಅವ್ವ, ಟಾಕೀಸಿಗೆಲ್ಲ ಕೇಳುವಂತೆ. ನಾನು ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದೆ.

"ಹೌದ್ರಿ ಅತ್ತಿ" ಎಂದಳು ಶಾರದಾ, ನನ್ನ ಮುಂದೆ ಬಾಗಿ ನೇರವಾಗಿ ಅವಳಿಗೇ. "ಆ ಕಡಿ ನೋಡಿ ಈ ಕಡಿ ನೋಡೀನ ಆ ಹುಡುಗಿ ಜೀವ ತೆಗೆದ."

"ನಮ್ಮ ಬಸ್ಯಾನೂ ಸಣ್ಣಾವಿದ್ದಾಗಿಂದ ಹಿಂಗ ನೋಡವ್ವಾ."

"ನನಗೊತ್ತಿಲ್ಲೇನ್ರಿ ಅತ್ತಿ!"

ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಂಡರು. "ನೀ ಅತ್ತ ಸರಿಯಲೇ" ಎಂದು ಅವ್ವ ನನ್ನನ್ನು ನಡುವಿನ ಸೀಟಿನಿಂದ ಎಬ್ಬಿಸಿದಳು. ಮಂಡಕ್ಕಿಯೂ ಕೈತಪ್ಪಿತು. ಆದರೂ ಅಂಚಿನ ಸೀಟಿನಲ್ಲಿ ಕೂತು ಉಳಿದ ಚಿತ್ರವನ್ನು ನೆಮ್ಮದಿಯಿಂದ ನಿದ್ದೆ ಮಾಡಿ ಕಳೆದೆ.

ಸೋಮವಾರ ಅವ್ವ ಚೀಲ ಬಿಚ್ಚಿದಳು. ಈಗ ಬೆಳಿಗ್ಗೆ ರೊಟ್ಟಿ, ರಾತ್ರಿ ಅನ್ನ, ಹಾಲೂ ಉಕ್ಕುವುದಿಲ್ಲ. ಇವತ್ತು ಬೆಳಿಗ್ಗೆ ಇಬ್ಬರ ನಡುವೆ ಕೂತು ಚಹಾ ಕುಡಿಯುತ್ತಿದ್ದೆ. "ಶಾರದಾ, ಜ್ವಾಳ ಬೀಸಿಸ್ಕೊಂಡು ಬರಾಕ ಹೇಳವ್ವಾ ಅವಗ" ಎಂದಳು ಅವ್ವ, ನನ್ನ ತಲೆಯ ಮೇಲಿಂದ. "ಹೇಳ್ತೀನ್ರಿ ಅತ್ತಿ, ಕೇಳಿಸ್ಕೊಂಡ್ರ ಪುಣ್ಯ" ಎಂದಳು ಶಾರದಾ, ಅವ್ವನನ್ನೇ ನೋಡುತ್ತ. ನಾನು ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೊರಟೆ. ಆಯಿತು ಎಂದು ಹೇಳಬೇಕೆನಿಸಿತು. ಆದರೆ ಹೇಳಿ ಕಳಿಸಲು ಮನೆಯಲ್ಲಿ ಮತ್ತೊಬ್ಬರಿರಲಿಲ್ಲ.