ಕಾಕಾ ಲ್ಯಾಪ್‌ಟಾಪಿನಿಂದ ಹಾಡು ಹೇಳಿಸಿದ್ದು

ನಮ್ಮ ಕಾಕಾನ ಬಾಯಿಂದ 'ಹೂಂ' ಎಂಬ ಶಬ್ದವನ್ನು ಕೇಳಿದವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ. ಹೈದರಾಬಾದಿನ ನಾರಾಯಣಗೂಡದ ನಮ್ಮ ಮನೆಯಲ್ಲಿ ನಿಮಗೊಂದು ಸನ್ಮಾನ ಇಟ್ಟುಕೊಳ್ಳೋಣ! ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ನನ್ನ ಖರ್ಚು. ಆದರೆ ಶಾಲು ಆರಿಸಲು ಮಾತ್ರ ಕಾಕಾನನ್ನು ಕರೆದೊಯ್ಯಬಾರದು. ಕರೆದೊಯ್ದರೆ ಸನ್ಮಾನ ಮುಂದಿನ ಜನ್ಮಕ್ಕೆ ಹೋಗುತ್ತದೆ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಸನತ್‌ನಗರದ ಒಂದು ಸಣ್ಣ ಫ್ಯಾನು ಕಾರ್ಖಾನೆಯಲ್ಲಿ, ತಯಾರಾದ ಫ್ಯಾನುಗಳನ್ನು ಪರೀಕ್ಷೆ ಮಾಡುವ ಕೆಲಸ. ಅಂದರೆ 'ಇದು ಬೇಡ' ಎನ್ನುವುದಕ್ಕೇ ಅವರಿಗೆ ಸಂಬಳ! ಸಂಬಳ ತೆಗೆದುಕೊಂಡು ಬೇಡ ಎಂದರೆ ನಾವೂ ಸುಮ್ಮನಿರುತ್ತಿದ್ದೆವು. ಇವರು ಮನೆಗೆ ಬಂದೂ ಪುಕ್ಕಟೆಯಾಗಿ ಅದೇ ಕೆಲಸ ಮಾಡುತ್ತಾರೆ. ಮಾವಿನಹಣ್ಣಿನ ಬಂಡಿಯ ಮುಂದೆ ನಿಂತರೆ ಮಳೆಗಾಲ ಬರುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸೋಫಾ ತರುವುದೆಂದು ಹೊರಟವರು ಇನ್ನೂ ನೋಡುತ್ತಲೇ ಇದ್ದಾರೆ, ನಾವು ಇನ್ನೂ ಚಾಪೆಯ ಮೇಲೆಯೇ ಇದ್ದೇವೆ.

ಮದುವೆಯನ್ನಂತೂ ಕೇಳಲೇಬೇಡಿ. ವಯಸ್ಸಿನಲ್ಲಿ ಕನ್ಯಾ ನೋಡಲು ಊರೂರು ತಿರುಗಿದವರು. ಹೋದಲ್ಲೆಲ್ಲ ಉಪ್ಪಿಟ್ಟು, ಶಿರಾ, ಚಹಾ ಮುಗಿಸಿ, ಹುಡುಗಿಯಿಂದ ಎರಡು ಹಾಡು ಹೇಳಿಸಿ, ಎದ್ದು ಕೈಮುಗಿದು, "ತಿಳಿಸ್ತೀವ್ರಿ" ಎಂದು ಬಂದುಬಿಡುವುದು. ಫ್ಯಾನಿಗಾದರೆ ಮುಖದ ಮೇಲೆಯೇ ಬೇಡ ಎನ್ನುವ ಧೈರ್ಯ. ಮನುಷ್ಯರ ಮುಂದೆ ಬರೀ ತಿಳಿಸ್ತೀವ್ರಿ! ಇವತ್ತಿನವರೆಗೂ ಯಾರಿಗೂ ಏನೂ ತಿಳಿಸಿಲ್ಲ. ಆ ಹುಡುಗಿಯರಿಗೆಲ್ಲ ಈಗ ಮೊಮ್ಮಕ್ಕಳಾಗಿರಬೇಕು.

ನಮ್ಮ ಅಜ್ಜಿಯ ಪ್ರಕಾರ ಮಾತ್ರ ಕಾಕಾ ಜೀವನದಲ್ಲಿ ಒಂದೇ ಒಂದು ಸಲ 'ಹೂಂ' ಎಂದದ್ದುಂಟು. ಅದು ಅವರ ತಂಗಿ, ಅಂದರೆ ನಮ್ಮ ಅತ್ತೆಗೆ ಕಲಬುರಗಿಯಲ್ಲಿ ವರ ನೋಡಲು ಹೋದಾಗ. ಅತ್ತೆ ಆಗಿನ್ನೂ ಕಾಲೇಜಿಗೆ ಕಾಲಿಟ್ಟಿದ್ದಳಷ್ಟೆ.

"ಒಂದ್ ಪ್ಲೇಟ್ ಉಪ್ಪಿಟ್ಟು ತಿಂದ, ಹೂಂ ಅಂದ, ಬಂದ," ಎಂದು ಅಜ್ಜಿ ಕಥೆ ಹೇಳುತ್ತಿದ್ದಳು. "ಆಮ್ಯಾಲೆ ಅವನ ಕುತಗಿಗೆ ಏನಾತೋ ಏನೋ! ಮ್ಯಾಲ ಕೆಳಗ ಆಡೂದನ್ನ ಬಿಟ್ಟೈತಿ. ಬರೇ ಆ ಕಡೆ, ಈ ಕಡೆ!"

ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಕಾಕಾ ಎದ್ದು ಬಚ್ಚಲಿಗೆ ಹೋಗಿ ತೊಳೆದ ಕಾಲನ್ನೇ ಮತ್ತೆ ತೊಳೆಯುತ್ತ ನಿಲ್ಲುತ್ತಿದ್ದರು.

ಇಂಥ ಮಹಾನುಭಾವರ ಕೈಯಲ್ಲಿ ನನ್ನ ಹಣೆಬರಹ ಬಿತ್ತು. ನಾನು ಅಜ್ಜಿ, ಕಾಕಾನ ಜೊತೆ ಇದ್ದುಕೊಂಡೇ ಡಿಗ್ರಿ ಮುಗಿಸಿದ್ದೆ. ಯೂನಿವರ್ಸಿಟಿಯಲ್ಲಿ ಎಂಸಿಎ ಸೀಟು ಸಿಕ್ಕಿತು. ಹೈದರಾಬಾದಿಗೆ ಆಗ ಸಾಫ್ಟ್‌ವೇರ್ ಜ್ವರ ಏರಿದ್ದ ಕಾಲ. ಗೋಡೆ ಕಂಡಲ್ಲೆಲ್ಲ ಕಂಪ್ಯೂಟರ್ ಕೋರ್ಸಿನ ಬೋರ್ಡು. ಇಡ್ಲಿ ಬಂಡಿಯವನೂ ಚಟ್ನಿ ಹಾಕುತ್ತ 'ಜಾವಾ ನೇರ್ಚುಕುನ್ನಾವಾ ಅಮ್ಮಾ?' ಎಂದು, ಅಂದರೆ ಜಾವಾ ಕಲಿತೆಯಾ ಎಂದು ತೆಲುಗಿನಲ್ಲಿ ವಿಚಾರಿಸುವವನೇ. ಲ್ಯಾಬಿನಲ್ಲಿ ಒಂದೊಂದು ಕಂಪ್ಯೂಟರಿಗೆ ಪಾಳಿ ಹಚ್ಚಿ ನಿಲ್ಲಬೇಕು, ಸ್ವಂತ ಲ್ಯಾಪ್‌ಟಾಪ್ ಇಲ್ಲದೆ ಬರಲೇಬೇಡ ಎಂದು ಸೀನಿಯರ್ ಹುಡುಗಿಯರು ಹೆದರಿಸಿದ್ದರು.

ರಾಯಚೂರಿನಿಂದ ಅಪ್ಪ ಫೋನಿನಲ್ಲಿ ತೀರ್ಪು ಕೊಟ್ಟರು. "ನೋಡವಾ, ರೊಕ್ಕ ಇರೂದು ಇಷ್ಟ. ಕ್ಲಾಸ್ ಚಾಲೂ ಆಗೂದ್ರಾಗ ಲ್ಯಾಪ್‌ಟಾಪ್ ಬಂತು, ಓದು. ಬರಲಿಲ್ಲ, ಆ ರೊಕ್ಕದಾಗ ಬಂಗಾರ ಮಾಡಸ್ತೀನಿ. ಇಲ್ಲೊಬ್ಬರು ಸಾಫ್ಟ್‌ವೇರ್ ಹುಡುಗನ ಫೋಟೋ ಕೊಟ್ಟಾರ. ಲ್ಯಾಪ್‌ಟಾಪ್ ಆಗ್ಲಿ, ಹುಡುಗ ಆಗ್ಲಿ, ನಿಮ್ಮ ಕಾಕಾ ನೋಡಿ ಹೂಂ ಅಂದ್ರ ಸಾಕು."

ಕಾಕಾ ಹೂಂ ಅಂದರೆ ಸಾಕಂತೆ! ಹುಲಿಯ ಹಾಲು ತಾ ಎಂದಿದ್ದರೆ ಚೆಂಬು ಹಿಡಿದು ಝೂಗೆ ಹೋಗಬಹುದಿತ್ತು.

ಮೊದಲ ಭಾನುವಾರ ಕಾಕಾ ಇಸ್ತ್ರಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ ಹೊರಟರು. ಅಂಗಡಿಗೆ ಹೋದವರೇ ಸೀದಾ ಕುರ್ಚಿಯ ಮೇಲೆ ಕೂತು, "ಒಂದೀಟು ನೀರು," ಎಂದರು. ಆಗಲೇ ನನಗೆ ಗೊತ್ತಾಯಿತು. ಇವರು ಲ್ಯಾಪ್‌ಟಾಪ್ ಕೊಳ್ಳಲು ಬಂದಿಲ್ಲ, ಕನ್ಯಾ ನೋಡಲು ಬಂದಿದ್ದಾರೆ! ಅವರಿಗೆ ಗೊತ್ತಿರುವ ಪದ್ಧತಿ ಅದೊಂದೇ. ಇದು ಯಾರ ಮನೆತನದ್ದು, ಹುಟ್ಟಿದ್ದು ಎಲ್ಲಿ, ಬೆಳೆದದ್ದು ಎಲ್ಲಿ, ಒಟ್ಟು ಎಷ್ಟು ಜನ ಅಕ್ಕ ತಂಗಿಯರು, ಮೊದಲು ಯಾರಾದರೂ ನೋಡಿ ಬಿಟ್ಟಿದ್ದಾರೋ ಎಂದೆಲ್ಲ ಹಿಂದಿಯಲ್ಲಿ ವಿಚಾರಣೆ ನಡೆಯಿತು. ಅಂಗಡಿಯವನು ಪಾಪ, ಗಿರಾಕಿ ಗಟ್ಟಿ ಇದ್ದಾನೆಂದು ಚಹಾ, ಉಸ್ಮಾನಿಯಾ ಬಿಸ್ಕತ್ತು ತರಿಸಿದ. ಕಾಕಾ ಬಿಸ್ಕತ್ತು ಅದ್ದಿ ತಿಂದು, ಬಾಯಿ ಒರೆಸಿಕೊಂಡು, "ಒಂದ್ ಹಾಡು ಹಾಡಸ್ರಿ," ಎಂದರು.

ಲ್ಯಾಪ್‌ಟಾಪು ಹಾಡಿತು. ಕಾಕಾ ಕಣ್ಣು ಮುಚ್ಚಿ ಕೇಳಿ ನನ್ನ ಕಿವಿಯಲ್ಲಿ, "ಧ್ವನಿ ಮೂಗಿನ್ಯಾಗಿಂದ ಬರಾಕತ್ತೈತಿ," ಎಂದರು. ಎದ್ದರು. ಕೈಮುಗಿದರು. ಮುಂದಿನ ಮಾತು ನಿಮಗೇ ಗೊತ್ತು.

ಇನ್ನೊಂದು ಅಂಗಡಿಯಲ್ಲಿ ಲ್ಯಾಪ್‌ಟಾಪನ್ನು ನನ್ನ ಹೆಗಲಿಗೆ ಹಾಕಿ ಬಾಗಿಲ ತನಕ ನಡೆಸಿದರು. "ಮೈ ಭಾಳ ಭಾರ ಐತಿ. ಅದೂ ಅಲ್ಲದ ಬಣ್ಣ ಕಪ್ಪು."

"ಕಾಕಾ, ನಮ್ಮ ರೊಕ್ಕಕ್ಕ ಸಿಗೂವೆಲ್ಲಾ ಕಪ್ಪs ಅದಾವ್ರಿ!"

"ಇರಲಿ. ಅವಸರ ಮಾಡಬಾರದು. ನಾಳೆ ಬಾಳೇ ಮಾಡಾಕಿ ನೀನು."

ಬಾಳುವೆ ಲ್ಯಾಪ್‌ಟಾಪಿನ ಜೊತೆ! ಇವರೇನು ಸ್ವತಃ ಹಾಲಿನ ಕೆನೆಯ ಬಣ್ಣದವರೆ? ಅಮಾವಾಸ್ಯೆಯ ದಿನ ಕರೆಂಟು ಹೋದರೆ ನಾವು ಕಾಕಾನನ್ನು ವಿಭೂತಿಯಿಂದಲೇ ಗುರುತು ಹಿಡಿಯುತ್ತೇವೆ. ಹಾಗಿದ್ದರೂ ಬಣ್ಣದ ಮಾತು ಬಂದರೆ ನಮ್ಮ ಕಡೆಯ ಗಂಡಸರಿಗೆ ಎಲ್ಲಿಲ್ಲದ ಅಧಿಕಾರ.

ಹಿಮಾಯತ್‌ನಗರದ ಅಂಗಡಿ ನಮಗೆ ಕೊನೆಯದು. ಮಾಲಕ ಮುದುಕ, ತಾಳ್ಮೆಯ ಮನುಷ್ಯ. ಕಾಕಾ ಲ್ಯಾಪ್‌ಟಾಪಿನ ಬೆನ್ನಿಗೆ ಅಂಗೈಯ ಹಿಂಬದಿ ಇಟ್ಟು, ಜ್ವರ ನೋಡುವ ಡಾಕ್ಟರಂತೆ ಕೂತೇಬಿಟ್ಟರು. ಮೂರನೆಯ ಚಹಾ ಮುಗಿದಾಗ, "ಭಾಳ ಲಗೂ ಬಿಸಿ ಆಗತೈತಿ. ಸಿಟ್ಟಿನ ಸ್ವಭಾವ," ಎಂದು ತಲೆ ಅಲ್ಲಾಡಿಸಿದರು. ಮುದುಕನಿಗೆ ಕನ್ನಡ ಬಾರದಿದ್ದರೂ ಆ ತಲೆ ಅರ್ಥವಾಯಿತು.

"ಕ್ಯಾ ಮಿಯಾ," ಎಂದ, "ಲ್ಯಾಪ್‌ಟಾಪ್ ಲೇಜಾರೇ ಕಿ ಬಹೂ ಲೇಜಾರೇ?" ಒಯ್ಯಲು ಬಂದದ್ದು ಲ್ಯಾಪ್‌ಟಾಪನ್ನೋ ಸೊಸೆಯನ್ನೋ ಎಂದು ಕೇಳಿದ್ದು! ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ನನ್ನ ಪಾಲಿಗೆ ಉಳಿದದ್ದು ಒಂದೇ ವಾರ. ಕಾಕಾ ತಿಳಿಸ್ತೀವ್ರಿ ಎನ್ನುತ್ತ ತಿನ್ನುವ ಒಂದೊಂದು ಬಿಸ್ಕತ್ತಿಗೂ ನನ್ನ ಎಂಸಿಎ ಒಂದೊಂದು ತುಂಡು ಕರಗುತ್ತಿತ್ತು. ಆ ದಿನ ಬಸ್ಸಿನಲ್ಲಿ ಕಾಕಾನ ಪಕ್ಕ ಕೂರದೆ ದೂರ ಹೋಗಿ ನಿಂತೆ. ಅಷ್ಟು ಸಿಟ್ಟು ಬಂದಿತ್ತು.

ಸೋಮವಾರ ಕ್ಲಾಸು ಶುರು. ಭಾನುವಾರ ಬೆಳಿಗ್ಗೆ ಫೋಟೋದ ಹುಡುಗ ತಾಯಿಯ ಸಮೇತ ಮನೆಗೆ ಬಂದ! ಅಪ್ಪನೇ ಕಳಿಸಿದ್ದು. ಅಜ್ಜಿ ನನಗೆ ಸೀರೆ ಸುತ್ತಿ, ಉಪ್ಪಿಟ್ಟಿನ ತಟ್ಟೆ ಕೊಟ್ಟು ಹೊರಗೆ ದೂಡಿದಳು. ಹುಡುಗನ ಕೊರಳಲ್ಲಿ ಭಾನುವಾರವೂ ಕಂಪನಿಯ ಗುರುತಿನ ಪಟ್ಟಿ ನೇತಾಡುತ್ತಿತ್ತು. ಅವನ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಾಡು ಬರತೈತೇನವಾ? ಒಂದು ಹಾಡು," ಎಂದರು.

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಕೈ ಎತ್ತಿದರು. "ತಡೀರಿ ಅಕ್ಕಾರ. ಮೊದಲ ನಿಮ್ಮ ಹುಡುಗ ಹಾಡ್ಲಿ."

ಅಜ್ಜಿಯ ಕೈಯಿಂದ ಚಮಚ ಬಿತ್ತು. ಕಾಕಾ ತಮಾಷೆ ಮಾಡುತ್ತಿರಲಿಲ್ಲ, ಅಂಗಡಿಯಲ್ಲಿ ಕೂರುತ್ತಿದ್ದ ಗತ್ತಿನಲ್ಲಿಯೇ ಕೂತಿದ್ದರು. ಹುಡುಗ ಹೆದರಿ ಒಂದು ಭಜನೆಯ ಎರಡು ಸಾಲು ಹಾಡಿಯೇಬಿಟ್ಟ! ಕಾಕಾ ಕಣ್ಣು ಮುಚ್ಚಿ ಕೇಳಿದರು. "ಧ್ವನಿ ಮೂಗಿನ್ಯಾಗಿಂದ ಬರತೈತಿ. ಇರಲಿ. ಎದ್ದು ಬಾಗಿಲ ತನಕ ಒಂದೀಟು ನಡೀರಿ." ಅವನು ನಡೆದ. "ಲಗೂ ಬಿಸಿ ಆಗತೀರೇನು?"

"ಏನ್ ಕೇಳಾಕತ್ತೀರಿ ನೀವು?" ತಾಯಿ ಸಿಡಿದರು.

"ಇನ್ನೊಂದs ಮಾತು ಅಕ್ಕಾರ," ಎಂದರು ಕಾಕಾ. ದನಿ ಸಣ್ಣದಾಗಿತ್ತು. "ಹುಡುಗಿಗೆ ಸೀಟು ಸಿಕ್ಕೈತಿ. ಮದುವಿ ಆದ ಮ್ಯಾಲೆ ಓದಸ್ತೀರೇನು?"

"ಓದಿ ಏನ್ ಮಾಡೂದೈತ್ರಿ? ನಮ್ಮ ಮನ್ಯಾಗ ರೊಕ್ಕಕ್ಕೇನು ಕಡಿಮಿ ಐತಿ?"

ಕಾಕಾ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟರು. ಅರ್ಧ ಹಾಗೆಯೇ ಇತ್ತು. ಉಪ್ಪಿಟ್ಟು ಬಿಟ್ಟ ಕಾಕಾನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎದ್ದರು, ಕೈಮುಗಿದರು. ತಿಳಿಸ್ತೀವ್ರಿ ಎನ್ನಲಿಲ್ಲ. "ಬ್ಯಾಡ್ರಿ," ಎಂದರು.

ಬಂದವರು ದುಮುಗುಟ್ಟುತ್ತ ಮೆಟ್ಟಿಲಿಳಿದು ಹೋದ ಮೇಲೆ ಕಾಕಾ ಚಪ್ಪಲಿ ಮೆಟ್ಟಿದರು. "ಏಳವಾ, ಸೀರಿ ಬದಲ್ಸಿ ಬಾ. ಅಂಗಡಿ ಬಾಗಲಾ ಹಾಕತಾರ."

ಹಿಮಾಯತ್‌ನಗರದ ಮುದುಕ ನಮ್ಮನ್ನು ಕಂಡದ್ದೇ ಚಹಾಕ್ಕೆ ಕೂಗಿದ. ಕಾಕಾ ಕೂರಲಿಲ್ಲ. "ಚಾಯ್ ನಕ್ಕೋ," ಎಂದು ಚಹಾ ಬೇಡವೆನ್ನುತ್ತ ಆ ಸಿಟ್ಟಿನ ಸ್ವಭಾವದ ಕಪ್ಪು ಲ್ಯಾಪ್‌ಟಾಪನ್ನು ತೋರಿಸಿದರು.

"ಇದs ಏನ್ರಿ ಕಾಕಾ?" ಎಂದೆ, ನಂಬಿಕೆಯಾಗದೆ.

"ಹೂಂ."

ಸನ್ಮಾನ ನನಗೇ ಆಗಬೇಕು ಎನ್ನಿ!

ಆಟೋದಲ್ಲಿ ಕಾಕಾ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದರು. "ಕಪ್ಪು ಐತಲ್ರಿ ಕಾಕಾ?" ಎಂದು ಚುಡಾಯಿಸಿದೆ. ಅವರು ರಸ್ತೆ ನೋಡುತ್ತಲೇ ಹೇಳಿದರು. "ನಿಮ್ಮ ಅತ್ತಿ ಸಲುವಾಗಿ ಹೋದಾಗ ಬಣ್ಣ ನೋಡಿದೆ, ಮನಿತನ ನೋಡಿದೆ. ಓದಸ್ತೀರೇನು ಅಂತ ಒಂದು ಮಾತು ಕೇಳಲಿಲ್ಲವಾ. ಆಕಿ ಕಾಲೇಜಿನ ಪುಸ್ತಕಾ ಚೀಲದಾಗ ಹಾಕ್ಕೊಂಡs ಗಂಡನ ಮನಿಗೆ ಹೋಗಿದ್ದಳು. ಮರುದಿನಾನ ಅವನ್ನ ರದ್ದಿಗೆ ಹಾಕಿದ್ರು. ಅವತ್ತಿನಿಂದ ಹೂಂ ಅನ್ನಾಕ ಹೆದರಿಕಿ."

ಅವರ ತೋಳಿಗೆ ತಲೆ ಆನಿಸಿ ಕೂತು ಕಣ್ಣೀರು ಹಾಕಿದೆ.

ಮನೆಯಲ್ಲಿ ಅಜ್ಜಿ ಗೊಣಗುತ್ತಲೇ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿದಳು. ಕಾಕಾ ಕಲಬುರಗಿಗೆ ಫೋನು ಹಚ್ಚಿ, ರಿಸೀವರನ್ನು ಲ್ಯಾಪ್‌ಟಾಪಿನ ಪಕ್ಕಕ್ಕೆ ಹಿಡಿದು ನನಗೆ ಸನ್ನೆ ಮಾಡಿದರು. ನಾನು ಒಂದು ಹಾಡು ಹಚ್ಚಿದೆ.

"ಯಾರೋ ಅಣ್ಣಾ ಹಾಡೂದು? ಧ್ವನಿ ಮೂಗಿನ್ಯಾಗಿಂದ ಬರಾಕತ್ತೈತಿ!" ಅತ್ತೆ ಆ ಕಡೆಯಿಂದ ನಗುವುದು ನಮಗೆಲ್ಲ ಕೇಳಿಸಿತು. ಕಾಕಾ ರಿಸೀವರನ್ನು ಕಿವಿಗೆ ಹಿಡಿದು, ಹುಡುಗಿಗೆ ಲ್ಯಾಪ್‌ಟಾಪ್ ಬಂದ ಸುದ್ದಿ ಹೇಳಿದರು. ಅತ್ತೆಯ ದನಿ ಹೊರಗೂ ಕೇಳುತ್ತಿತ್ತು.

"ಹಂಗಾರ ಆಕಿ ಓದತಾಳಲ್ಲೋ ಅಣ್ಣಾ?"

"ಹೂಂ," ಎಂದರು ಕಾಕಾ. ಮತ್ತೆ ಗಟ್ಟಿಯಾಗಿ, "ಹೂಂ, ಹೂಂ."

ಫೋನಿನ ಆ ಕಡೆ ಇದ್ದವಳಿಗೆ ಕಾಣುವುದಿಲ್ಲವೆಂದು ಗೊತ್ತಿದ್ದರೂ ಅವರ ಕತ್ತು ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಲೇ ಇತ್ತು.