ಠಾಕುರ್ಲಿ ಅಜ್ಜನ ಒಂದೇ ಪ್ರಶ್ನೆ

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬಂದ ಒಂದು ಮೆಸೇಜು ಸುದರ್ಶನನ ಜೀವ ಹಿಂಡಿಬಿಟ್ಟಿತು. ಕಳಿಸಿದವಳು ಪ್ರಿಯಂವದಾ. ಅಂದು ಸಂಜೆ ಅವನು ತಾಯಿಯ ಜೊತೆ ಡೊಂಬಿವಲಿಯಿಂದ ಒಂದೇ ಸ್ಟೇಷನ್ ಆಚೆಯ ಠಾಕುರ್ಲಿಗೆ ಹೋಗಿ ನೋಡಬೇಕಾಗಿದ್ದ ಹುಡುಗಿ. ನೋಡುವುದೇನು ಬಂತು! ಕನ್ನಡ ಸಂಘದ ನವರಾತ್ರಿಯಲ್ಲಿ ಅವಳು ಕೋಸಂಬರಿ ಬಡಿಸಿದ ದಿನವೇ, ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಯಾರೂ ಬೇಡ ಎಂದು ಅವನು ನಿಶ್ಚಯಿಸಿಯಾಗಿತ್ತು. ಅವಳಿಗೂ ಮನಸ್ಸಿತ್ತು. ಉಳಿದದ್ದು ಅಜ್ಜನ ಒಪ್ಪಿಗೆ ಮಾತ್ರ.

‘ಬಂದವರಿಗೆಲ್ಲ ಅಜ್ಜ ಒಂದೇ ಪ್ರಶ್ನೆ ಕೇಳುದು. ಕೀಬೋರ್ಡಿನಲ್ಲಿ ಅಕ್ಷರ ಎ ಬಿ ಸಿ ಡಿ ಅಂತ ಸಾಲಾಗಿ ಯಾಕಿಲ್ಲ? ಗೊತ್ತಿಲ್ಲ ಅಂದವರಿಗೆ ಕಾಫಿ ಕೊಟ್ಟು ಕಳಿಸ್ತಾರೆ. ಫೋನ್ ನೋಡಿ ಹೇಳಿದ್ರೆ ನಂಬುದಿಲ್ಲ. ಕಣ್ಣಾರೆ ಕಂಡದ್ದಾಗ್ಬೇಕು’ ಎಂದು ಬರೆದಿದ್ದಳು.

ಅಜ್ಜ ಮಧ್ವರಾಜರು ಕಲ್ಯಾಣದಲ್ಲಿ ಹೋಟೆಲು ನಡೆಸಿದವರು. ಗಲ್ಲಾಕ್ಕೆ ಕಂಪ್ಯೂಟರ್ ಬಂದ ದಿನ ಅವರು ಇಡ್ಲಿಯ ಮೊದಲ ಅಕ್ಷರ ಹುಡುಕುವಷ್ಟರಲ್ಲಿ ಗಿರಾಕಿ ತಿಂದು ಕೈತೊಳೆದು ಹೋಗಿಯಾಗಿತ್ತು. ಮರುದಿನ ಗಲ್ಲಾದಲ್ಲಿ ಮಗ ಕೂತ. ಆ ಅವಮಾನ ಅಜ್ಜನ ಎದೆಯಲ್ಲಿ ಇನ್ನೂ ಹಸಿಯಾಗಿತ್ತು. ಅಕ್ಷರಗಳನ್ನು ಹೀಗೆ ಚೆಲ್ಲಾಪಿಲ್ಲಿ ಮಾಡಿದವರು ಯಾಕೆ ಮಾಡಿದರು ಎಂದು ತಿಳಿಯದೆ ಅವರಿಗೆ ಸಮಾಧಾನವಿರಲಿಲ್ಲ.

ಆದರೂ ಸುದರ್ಶನ ಫೋನಿನಲ್ಲಿ ನೋಡಿದ. ಒಂದಕ್ಕೊಂದು ತಾಳೆಯಾಗದ ಉತ್ತರಗಳು ಸಿಕ್ಕವು. ಮೆಟ್ಟಿಲಿಳಿಯುವಾಗ ಎದುರಾದ ಪಕ್ಕದ ಮನೆಯ ದೇಜಪ್ಪಣ್ಣನನ್ನು ಕೇಳಿದ.

“ಸಾಲಾಗಿ ಇಟ್ರೆ ಎಲ್ಲರಿಗೂ ಬರ್ತದೆ. ಮತ್ತೆ ಟೈಪಿಂಗ್ ಕ್ಲಾಸಿನವರು ಫೀಸು ತಕ್ಕೊಳ್ಳುದು ಹೇಗೆ?” ಎಂದ ದೇಜಪ್ಪಣ್ಣ. “ಅದೆಲ್ಲ ಇರಲಿ, ಹುಡುಗಿ ಒಂದೇ ಸ್ಟೇಷನ್ ದೂರ ಅಂತಲ್ವಾ. ಅದನ್ನೇ ಹೇಳು. ಇದಕ್ಕಿಂತ ದೊಡ್ಡ ಯೋಗ್ಯತೆ ಇನ್ನೆಂತ ಬೇಕು?”

ಬೇಲಾಪುರದ ಆಫೀಸಿನಲ್ಲಿ ಪಕ್ಕದ ಮೇಜಿನವನು ಸಂದೇಶ. ಮನೆಯೂ ಬೇಲಾಪುರದಲ್ಲೇ ಇದ್ದುದರಿಂದ ಮಧ್ಯಾಹ್ನ ಬಿಸಿ ಅನ್ನ ಉಂಡು ಬರುವ ಪುಣ್ಯವಂತ. ಸುದರ್ಶನನ ಪ್ರಶ್ನೆ ಕಿವಿಗೆ ಬಿದ್ದದ್ದೇ ಅವನು ಕುರ್ಚಿ ಇತ್ತ ತಿರುಗಿಸಿದ.

“ಹಳೇ ಟೈಪ್‌ರೈಟರಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಕಬ್ಬಿಣದ ಕಡ್ಡಿ ಇರ್ತಿತ್ತು ಮಾರಾಯ. ಯಾವಾಗಲೂ ಒಟ್ಟೊಟ್ಟಿಗೆ ಬರುವ ಅಕ್ಷರಗಳ ಕಡ್ಡಿ ಹತ್ತಿರ ಹತ್ತಿರ ಇದ್ರೆ ಒಂದಕ್ಕೊಂದು ಸಿಕ್ಕಿ ಹಾಕಿಕೊಳ್ತವೆ. ಅದಕ್ಕೆ ಅವನ್ನು ದೂರ ದೂರ ಇಟ್ಟರಂತೆ. ಅಲ್ಲ ಅನ್ನುವವರೂ ಇದ್ದಾರೆ.”

“ನಿಂಗೆ ಹೇಗೆ ಗೊತ್ತು?”

“ಹೋದ ವಾರ ಒಬ್ಬರ ಎದುರು ಗೊತ್ತಿಲ್ಲ ಅಂತ ಹೇಳಿ ಮರ್ಯಾದೆ ಹೋಯ್ತು. ಮತ್ತೆ ಹುಡುಕಿದೆ” ಎಂದು ಸಂದೇಶ ಮುಖ ಸಪ್ಪಗೆ ಮಾಡಿಕೊಂಡ. ಯಾರೆದುರು, ಏನು ಎಂದು ವಿಚಾರಿಸುವ ವ್ಯವಧಾನ ಸುದರ್ಶನನಿಗೆಲ್ಲಿತ್ತು? ಅರ್ಧ ದಿನದ ರಜೆ ಕೇಳಲು ಸಾಹೇಬರ ಕೋಣೆಗೆ ಓಡಿದ.

ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸುವಾಗಲೂ ತಲೆಯ ತುಂಬ ಕಡ್ಡಿಗಳೇ. ಆ ಧ್ಯಾನದಲ್ಲಿ ಹತ್ತಿದ್ದು ಕಲ್ಯಾಣ ಫಾಸ್ಟ್. ಅದು ಠಾಕುರ್ಲಿಯಲ್ಲಿ ನಿಲ್ಲುವುದಿಲ್ಲ ಎಂಬುದು ಡೊಂಬಿವಲಿಯ ಕೂಸಿಗೂ ಗೊತ್ತು. ಕಣ್ಣೆದುರೇ ಠಾಕುರ್ಲಿ ಬಂತು, ಹೋಯಿತು. ಬಾಗಿಲಲ್ಲಿದ್ದವರು ಅವನನ್ನು ಮರುಕದಿಂದ ನೋಡಿದರು.

ಕಲ್ಯಾಣದಲ್ಲಿ ಇಳಿದು ರಿಕ್ಷಾ ಹುಡುಕುತ್ತಿದ್ದಾಗ, ದೇವರೇ ತೋರಿಸಿದಂತೆ, ಕೋರ್ಟಿನ ಹೊರಗೆ ಕೊಡೆಯ ಕೆಳಗೆ ಒಬ್ಬ ಮುದುಕ ಟೈಪ್‌ರೈಟರ್ ಕುಟ್ಟುತ್ತ ಕೂತಿದ್ದ. ಕಣ್ಣಾರೆ ಕಾಣಲು ಇದಕ್ಕಿಂತ ಬೇರೆ ಅವಕಾಶ ಬೇಕೆ? “ಕಾಕಾ, ಏಕ್ ಮಿನಿಟ್” ಎಂದವನೇ ಅಕ್ಕಪಕ್ಕದ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದ. ಎರಡು ಕಡ್ಡಿಗಳೂ ಮೇಲೆದ್ದು, ಲೋಕಲ್ಲಿನ ಬಾಗಿಲಲ್ಲಿ ಒಟ್ಟಿಗೇ ನುಗ್ಗಿದ ಇಬ್ಬರಂತೆ ಅಲ್ಲೇ ಸಿಕ್ಕಿಕೊಂಡವು. ಸಂದೇಶ ಹೇಳಿದ್ದು ಅಕ್ಷರಶಃ ನಿಜ. ಆ ಸಂತೋಷದಲ್ಲಿ ಬಿಡಿಸಲು ಹೋದ. ರಿಬ್ಬನ್ನು ಕಿತ್ತು ಬಂತು, ಯಾರದೋ ಅಫಿಡವಿಟ್ಟಿನ ಮೇಲೆ ಮಸಿ ಬಳಿಯಿತು.

“ಹೇ ಕಾಯ್ ಕೇಲಂ?” ಇದೇನು ಮಾಡಿದೆ ಎಂದು ಮುದುಕ ಮೇಲೆದ್ದ. ಮುಂದೆ ಅವನು ಮರಾಠಿಯಲ್ಲಿ ಅಂದದ್ದನ್ನು ಇಲ್ಲಿ ಬರೆಯುವುದು ಬೇಡ. ಸುದರ್ಶನ ಕೈಮುಗಿದು, ಅದೇ ಮಸಿ ಕೈಯಿಂದ ಹಣೆಯ ಬೆವರೊರೆಸಿಕೊಂಡು ರಿಕ್ಷಾ ಹತ್ತಿದ.

ಆಫೀಸಿನಿಂದ ನೇರ ಬರುತ್ತೇನೆ ಎಂದು ಅವನು ಫೋನ್ ಮಾಡಿದ್ದರಿಂದ ಠಾಕುರ್ಲಿಯ ಮನೆಯಲ್ಲಿ ಅವನ ತಾಯಿ ಆಗಲೇ ಬಂದು ಕೂತಿದ್ದರು. ಒಳಗೆ ಪ್ರಿಯಂವದಾಳ ತಾಯಿ ರಮಾಮಣಿಯವರಿಗೂ ಹಿರಿಯ ಅಳಿಯ ವಿಶ್ರುತನಿಗೂ ತಗ್ಗಿದ ದನಿಯಲ್ಲಿ ಜಗಳ ನಡೆದಿತ್ತು. ಅಳಿಯನ ಮನೆ ಅದೇ ಬಿಲ್ಡಿಂಗಿನ ಮೇಲಿನ ಮಾಳಿಗೆ. ಪೇಪರಿನ ಒಳಪುಟ ಯಾರು ಒಯ್ದರು ಎಂಬುದು ಅಂದಿನ ವಿಷಯ.

ಅಜ್ಜ ಸುದರ್ಶನನ ಹಣೆಯ ಮಸಿಯನ್ನೇ ನೋಡಿದರು. “ಈ ಕಾಲದಲ್ಲೂ ಪೂಜೆ ಮಾಡಿ ಹಣೆಗೆ ಅಂಗಾರ ಇಡ್ತಾನೆ ಮಾಣಿ” ಎಂದು ಮೆಚ್ಚಿದರು. ಅವನು ಅಲ್ಲಗಳೆಯಲಿಲ್ಲ. ಬಾಗಿಲಲ್ಲಿ ನಿಂತ ಪ್ರಿಯಂವದಾ ಸೆರಗಿನಲ್ಲಿ ನಗು ಮುಚ್ಚಿದಳು.

“ದೂರವೇನಿಲ್ಲ. ಒಂದೇ ಸ್ಟೇಷನ್. ದಿನಾ ಸಂಜೆ ಕಾಫಿಗೆ ತವರಿಗೆ ಬಂದು ಹೋಗ್ಬಹುದು” ಎಂದರು ಸುದರ್ಶನನ ತಾಯಿ.

ಅಜ್ಜ ಪ್ರಶ್ನೆ ಕೇಳಿದರು. ಸುದರ್ಶನ ಕಡ್ಡಿಗಳ ಕತೆಯನ್ನು ಒಂದು ಅಕ್ಷರ ಬಿಡದೆ ಹೇಳಿದ. “ಹೀಗಂತ ಹೇಳ್ತಾರೆ ಅಜ್ಜ. ಬೇರೆ ಮಾತೂ ಉಂಟು. ಆದ್ರೆ ಸಿಕ್ಕಿ ಹಾಕಿಕೊಳ್ಳುದು ಮಾತ್ರ ಈಗ ಕಲ್ಯಾಣದಲ್ಲಿ ಕಣ್ಣಾರೆ ಕಂಡು ಬಂದೆ” ಎಂದು ಮಸಿ ಬೆರಳು ತೋರಿಸಿದ.

ಅಜ್ಜ ಆ ಬೆರಳನ್ನು ಹಿಡಿದು ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು.

“ಅದನ್ನು ಮಾಡಿದವರು ಬುದ್ಧಿವಂತರು” ಎಂದರು ಕೊನೆಗೆ. “ನಾನೂ ಹೋಟೆಲಿನಲ್ಲಿ ದೋಸೆಯವನನ್ನೂ ಚಟ್ನಿಯವನನ್ನೂ ಒಂದೇ ಮೂಲೆಗೆ ಹಾಕ್ತಿರಲಿಲ್ಲ. ಇವನಿಗೆ ಅವನು ಬೇಕು, ಅವನಿಗೆ ಇವನು ಬೇಕು. ಹತ್ತಿರ ಇಟ್ಟರೆ ಬೆಳಗಾದರೆ ಜಗಳ. ಅದೇ ಲೆಕ್ಕ ಇದು. ಇಷ್ಟು ವರ್ಷ ಸುಮ್ಮನೆ ಬೈದೆ.”

ಸುದರ್ಶನನ ಎದೆ ಹಗುರಾಯಿತು. ಪ್ರಿಯಂವದಾಳ ಮುಖ ಅರಳಿತು. ಅಷ್ಟರಲ್ಲಿ ಒಳಗಿನಿಂದ ರಮಾಮಣಿಯವರ ದನಿ ಏರಿತು, ವಿಶ್ರುತನದೂ ಏರಿತು. ಅಜ್ಜ ಅತ್ತ ಕಿವಿಗೊಟ್ಟು, ಮೆಲ್ಲಗೆ ಇತ್ತ ತಿರುಗಿದರು.

“ಒಂದೇ ಸ್ಟೇಷನ್ ಅಂದ್ರಿ, ಅಲ್ವಾ?” ಎಂದು ಅವನ ತಾಯಿಯನ್ನು ಕೇಳಿದರು.

“ಹೌದು. ರಿಕ್ಷಾದಲ್ಲೂ ಬರ್ಬಹುದು.”

“ಬೇಡಮ್ಮ. ಹತ್ತಿರ ಅಂತಲೇ ಹಿರಿಯವಳನ್ನು ಮಾಳಿಗೆಗೆ ಕೊಟ್ಟದ್ದು. ಕಡ್ಡಿ ಸಿಕ್ಕಿಕೊಂಡಿದೆ, ಬಿಡಿಸುವವರಿಲ್ಲ. ಅಂಥದ್ದು ಇನ್ನೊಂದು ನನ್ನಿಂದಾಗುದಿಲ್ಲ. ನಿಮ್ಮ ಮಗ ಚಿನ್ನದಂಥವ. ಅವನ ಮಾತನ್ನು ನಾನು ಮೀರುದಿಲ್ಲ.”

ಪ್ರಿಯಂವದಾ “ಅಜ್ಜ” ಎಂದಳು. ಅಜ್ಜ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಇಷ್ಟು ವರ್ಷಕ್ಕೆ ಅವರಿಗೆ ಒಂದು ಸತ್ಯ ಸಿಕ್ಕಿತ್ತು.

“ಹೋದ ವಾರ ಬೇಲಾಪುರದಿಂದ ಒಬ್ಬ ಹುಡುಗ ಬಂದಿದ್ದ. ಗೊತ್ತಿಲ್ಲ ಅಂದ, ಕಳಿಸಿದೆ. ಪಾಪ, ದೂರ ಇದ್ದ. ಸಂದೇಶ ಅಂತ ಹೆಸರು. ನಿಮ್ಮ ಆಫೀಸಿನ ಹೆಸರೇ ಹೇಳಿದ್ದ. ನಂಬರು ಉಂಟಾ ನಿನ್ನ ಹತ್ತಿರ?” ಎಂದು ಸುದರ್ಶನನತ್ತ ತಿರುಗಿದರು.

ಸುದರ್ಶನ ಮಸಿ ಬೆರಳಿನಿಂದಲೇ ಫೋನು ತೆರೆದ. ಅದರಲ್ಲಿ ಹೆಸರುಗಳೆಲ್ಲ ಎ ಬಿ ಸಿ ಡಿ ಎಂದು ಸಾಲಾಗಿಯೇ ಇದ್ದವು. ಸಂದೇಶನದು ಹುಡುಕಲು ಹೊತ್ತೇ ಹಿಡಿಯಲಿಲ್ಲ.